ಅಫಿಡವಿಟ್ ಅಂದ್ರ ‘ಆಣೆ ಮಾಡಿ ಹೇಳಿದಾನ’

ಬೆಳಗಾವಿ ಕೋರ್ಟ್ ಆವಾರದಾಗ ಹೆಜ್ಜೆಹೆಜ್ಜೆಗೆ ಕಿವಿಗೆ ಬೀಳೋ ಶಬ್ದ ‘ಅಫಿಡವಿಟ್’, ಅಂದ್ರ ಆಣೆ ಮಾಡಿ ಬರೆದು ಕೊಡೋ ಹೇಳಿಕೆ. ಕಾಗದದ ಹೆಸರು ಅಂತ ತಿಳ್ಕೊಂಡೀವಿ, ಮೂಲದಾಗ ಅದು ಕ್ರಿಯಾಪದ. ಮಧ್ಯಕಾಲದ ಲ್ಯಾಟಿನ್‌ನೊಳಗ ‘ಆಣೆ ಮಾಡಿ ಹೇಳಿದಾನ’ ಅಂತ ಅರ್ಥ. ಒಳಗಿರೋ ಬೇರು ‘ಫಿದೆಸ್’, ಅಂದ್ರ ನಂಬಿಕೆ. ನಮ್ಮ ಕಡೆ ಭಂಡಾರ (ದೇವರ ಅರಿಶಿನ ಪುಡಿ) ಮುಟ್ಟಿ ಹೇಳೋ ಮಾತಿಗೆ ಭಾಳ ಹತ್ತಿರದ ಶಬ್ದ.

ಅಫಿಡವಿಟ್‌ನ ಜೀವ ಇರೋದು ಕಡೀಕ ಬರೋ ಸತ್ಯಾಪನೆ ಪ್ಯಾರಾದಾಗ, ಅಂದ್ರ ‘ಮ್ಯಾಲೆ ಬರೆದದ್ದು ಸತ್ಯ’ ಅಂತ ಹೇಳೋ ಭಾಗದಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶ, 3ನೇ ನಿಯಮದ ಪ್ರಕಾರ ಸ್ವಂತ ಅರಿವಿನಿಂದ ರುಜುವಾತು ಮಾಡೋಕಾಗೋ ಸಂಗತಿ ಅಷ್ಟ ಬರೀಬೇಕು. ಮಧ್ಯಂತರ ಅರ್ಜಿಗೆ (ಕೇಸ್ ನಡೀತಿರುವಾಗ ನಡುವ ಹಾಕೋ ಅರ್ಜಿ) ಮಾತ್ರ ‘ನನ್ನ ನಂಬಿಕೆ’ ಅಂತ ಬರೀಬಹುದು, ಅದಕ್ಕೂ ಆಧಾರ ಕೊಡಬೇಕು. ಆದ್ರ ಟೈಪಿಂಗ್ ಅಂಗಡ್ಯಾಗ ಹಳೇ ನಮೂನೆ ತೆಗೆದು ‘1ರಿಂದ 8ನೇ ಪ್ಯಾರಾ ನನ್ನ ತಿಳಿವಳಿಕೆಗೆ ಬಂದಂತೆ ಸತ್ಯ’ ಅಂತ ಹೊಡೆದು ಬಿಡ್ತಾರ. ಕಂಡದ್ದು ಯಾವ್ದು, ಕೇಳಿದ್ದು ಯಾವ್ದು, ಎಲ್ಲಾ ಕಲಸಿ ಹೋಗ್ತದ. ಪಾಟೀ ಸವಾಲಿನಾಗ ಎದುರಿನ ವಕೀಲರು ಕೈ ಹಾಕೋದು ಅಲ್ಲೇ.

ಪ್ರತಿ ಪುಟಕ್ಕ ಸಹಿ, ತಿದ್ದಿದಲ್ಲಿ ಚಿಕ್ಕ ಸಹಿ ಇರಲಿ, ಖಾಲಿ ಜಾಗ ಬ್ಯಾಡ. ಸಹಿ ನೋಟರಿ ಎದುರಿಗೇ ಆಗಬೇಕು. ಮನ್ಯಾಗ ಮಾಡಿ ತಮ್ಮನ ಕೈಲಿ ಕಳಿಸಿದ್ರ ‘ನನ್ನೆದುರು ಪ್ರಮಾಣ ಮಾಡಿದರು’ ಅನ್ನೋ ನೋಟರಿ ಬರಹನೂ ಸುಳ್ಳಾಗ್ತದ. ನ್ಯಾಯಾಲಯದ ನಡಾವಳಿಯೊಳಗ ಬೇಕಂತಲೇ ಸುಳ್ಳು ಸಾಕ್ಷ್ಯ ಕೊಟ್ರ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಂ ಪ್ರಕಾರ 7 ವರ್ಷದ ತನಕ ಜೈಲು, ಮ್ಯಾಲೆ ದಂಡ. ಹೆಬ್ಬೆಟ್ಟು ಒತ್ತೋ ಹಿರಿಯರಿದ್ರ, ಅವರ ಭಾಷಾದಾಗ ಪೂರಾ ಓದಿ ತಿಳಿಸಿದ್ದನ್ನೂ ಕೆಳಗ ಬರಸ್ರಿ.