ಸಣ್ಣ ತೋಳಿನ ಬಿಪಿ ಕಫ್: ಲೀಕ್ ಅಲ್ಲದ ಲೀಕ್ ಕೊನೆಗೂ ಸಿಕ್ತು

ಸಣ್ಣ ತೋಳಿನ ಹೆಂಗಸರಿಗೆ ಅಂತ ಮಾಡ್ತಿರೋ ನಮ್ಮ ಕಫ್ (ಬಿಪಿ ನೋಡೋವಾಗ ತೋಳಿಗೆ ಸುತ್ತಿ ಗಾಳಿ ತುಂಬೋ ಪಟ್ಟಿ) ಅಂತೂ ಇಂತೂ 200 ಮಿ.ಮೀ. ಪಾದರಸದ ಒತ್ತಡದಲ್ಲಿ ನಿಂತ್ಕೊಳ್ತು! ನಿಮಿಷಕ್ಕೆ ಬರೀ 2 ಇಳೀತು, 4ರ ತನಕ ಇಳಿದ್ರೂ ಪರ್ವಾಗಿಲ್ಲ. ಮದ್ದೂರು ಕಡೆ ಹಳ್ಳೀಲಿ ಸ್ತ್ರೀಶಕ್ತಿ ಸಂಘದವರ ಜಗಲಿ ಮೇಲೆ ಕೂತು ಎಲ್ಲರೂ ಒತ್ತಡ ತೋರಿಸೋ ಡಯಲಿನ ಮುಳ್ಳನ್ನೇ ನೋಡ್ತಿದ್ವಿ, ಹೋದ ಜೀವ ಬಂದಂಗಾಯ್ತು. ಡಯಲ್ ಬಿಚ್ಚೋದು, ಗಾಳಿ ಒತ್ತೋ ಬಲ್ಬಿನ ವಾಲ್ವ್ ಕ್ಲೀನ್ ಮಾಡೋದು ಇದೆಲ್ಲ ಮಾಮೂಲಿ ಕೆಲಸ, ಅದನ್ನ ಬಿಟ್ಟು ವಿಷಯಕ್ಕೆ ಬರ್ತೀನಿ.

ನಾಟಿಗೆ, ಕಬ್ಬು ಕಡಿಯೋಕೆ ಹೋಗೋ ಹೆಂಗಸರ ತೋಳಿಗೆ ಟೇಪ್ ಹಿಡಿದು ನೋಡಿ, ಎಷ್ಟೋ ಜನಕ್ಕೆ 22, 23 ಸೆಂ.ಮೀ. ಅಷ್ಟೇ. ಮಾಮೂಲಿ ಅಡಲ್ಟ್ ಕಫ್ ಇರೋದು 27ರಿಂದ 34ಕ್ಕೆ. ದೊಡ್ಡ ಕಫ್ ಸುತ್ತಿದ್ರೆ ಬಿಪಿ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 195 ಜನರ ಮೇಲೆ ಮಾಡಿದ ಅಧ್ಯಯನ 2023ರಲ್ಲಿ ಬಂತು, ಸಣ್ಣ ಕಫ್ ಬೇಕಾದವರಿಗೆ ಮಾಮೂಲಿದು ಹಾಕಿದಾಗ ಮೇಲಿನ ನಂಬರ್ ಸರಾಸರಿ 3.6 ಕಮ್ಮಿ ಬಂದಿತ್ತು. ಮೂರೂವರೆ ತಾನೇ ಅನ್ನಬೇಡಿ, 140 ಮುಟ್ಟಿದ್ರೆ ಬಿಪಿ ಜಾಸ್ತಿ ಅನ್ನೋ ಗೆರೆ ಇಟ್ಕೊಂಡು ಪರೀಕ್ಷೆ ಮಾಡೋವಾಗ 138 ಬಂದ ಅಕ್ಕನ್ನ 'ಏನೂ ಇಲ್ಲ ಹೋಗಮ್ಮ' ಅಂತ ಕಳಿಸಿಬಿಡ್ತಾರೆ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ಮನೆಮನೆ ಸುತ್ತಿ 30 ವರ್ಷ ದಾಟಿದವರನ್ನ ಕರ್ಕೊಂಡು ಬಂದಿರ್ತಾರೆ, ಕಫ್ ಸೈಜಿಗೋಸ್ಕರ ಅವರ ಶ್ರಮ ನೀರಲ್ಲಿ ಹೋಮ ಆಗಬಾರದು. ನಂಗೆ ಈ ಪ್ರಾಜೆಕ್ಟ್ ಬಿಡೋಕಾಗದೇ ಇರೋದು ಇದಕ್ಕೇ.

ಸರಿ, ರಬ್ಬರ್ ಬ್ಲಾಡರ್ (ಕಫ್ ಒಳಗೆ ಗಾಳಿ ತುಂಬೋ ಚೀಲ) 12×22 ಸೆಂ.ಮೀ. ಅಂತ ಆರ್ಡರ್ ಹಾಕಿದ್ರೆ ಆ ಪುಣ್ಯಾತ್ಮ ಮಕ್ಕಳ ಸೈಜ್ ಕಳಿಸಿ ಅದರ ಮೇಲೆ 'ಸ್ಮಾಲ್ ಅಡಲ್ಟ್' ಅಂತ ಚೀಟಿ ಅಂಟಿಸಿದ್ದ, ವಾಪಸ್ ತಗೊಳ್ಳೋಕೂ ಸತಾಯಿಸಿದ. ಸರಿಯಾದ್ದು ಬಂದ ಮೇಲೆ ಶುರುವಾಯ್ತು ಅಸಲಿ ತಲೆನೋವು. 75 ಎಂಎಂ ಪಿವಿಸಿ ಪೈಪಿಗೆ ಸುತ್ತಿ (ಸುತ್ತಳತೆ ಹೆಚ್ಚುಕಮ್ಮಿ 23.5, ನಮ್ಮ ಅಕ್ಕಂದಿರ ತೋಳಿನ ಅಳತೆ) 200ಕ್ಕೆ ಏರಿಸಿದ್ರೆ ನಿಮಿಷದಲ್ಲಿ 182. ಬ್ಲಾಡರ್ ನೀರಲ್ಲಿ ಮುಳುಗಿಸಿದೆ, ಒಂದು ಗುಳ್ಳೆ ಇಲ್ಲ. ವಾಲ್ವ್ ಬದಲಾಯಿಸಿದೆ, ಟ್ಯೂಬ್ ಬದಲಾಯಿಸಿದೆ, ಡಯಲ್ ಮೇಲೇ ಅನುಮಾನ ಬಂತು. ಡಯಲ್ ಸರಿ ಇದೆಯಾ ನೋಡೋಕೆ, ಪಾದರಸದ ಮೆಷೀನ್ ಮನೇಲಿ ಬೇಡ ಅಂತ ಮೇಸ್ತ್ರಿಗಳ ಲೆವೆಲ್ ಪೈಪಲ್ಲಿ ನೀರು ತುಂಬಿ ಮಹಡಿ ಮೆಟ್ಟಿಲ ಪಕ್ಕ ನೇತುಹಾಕಿದೆ. ಪಾದರಸದ 1 ಮಿ.ಮೀ.ಗೆ ನೀರು 13.6 ಮಿ.ಮೀ., ಅಂದ್ರೆ 200ಕ್ಕೆ ಪೈಪಿನ ಎರಡು ಬದಿಯ ನೀರಿನ ಮಟ್ಟದಲ್ಲಿ 2.72 ಮೀಟರ್ ವ್ಯತ್ಯಾಸ, ಅಳೆದ್ರೆ ಡಯಲ್ ಹೇಳಿದ್ದು ಕರೆಕ್ಟಾಗೇ ಇದೆ! ಒತ್ತಡ ನಿಜವಾಗ್ಲೂ ಇಳೀತಿದೆ, ಗಾಳಿ ಮಾತ್ರ ಎಲ್ಲೂ ಹೋಗ್ತಿಲ್ಲ. ಇನ್ನೊಂದು ವಿಚಿತ್ರ, ಬೆನ್ನುಬೆನ್ನಿಗೆ ಎರಡನೇ ಸಲ ಏರಿಸಿದ್ರೆ ಕಮ್ಮಿ ಇಳಿಯೋದು, ಅರ್ಧ ಗಂಟೆ ಬಿಟ್ರೆ ಮತ್ತೆ ಹಳೇ ಕಥೆ. ತಲೆ ಕೆಟ್ಟು ಕೆರ ಹಿಡೀತು.

ಗುಟ್ಟು ಬಿಡಿಸಿದ್ದು ಸಂಘದಲ್ಲಿ ಬ್ಲೌಸ್ ಹೊಲಿಯೋ ಅಕ್ಕ. ಅಂಗಡಿಯಿಂದ ಹೊಲಿಸಿ ತಂದಿದ್ದ ಬ್ಲಾಡರ್ ಕವರ್‌ನ ಎರಡೂ ಕೈಲಿ ಎಳೆದು ನೋಡಿ, "ಅಲ್ಲ ಕಣಣ್ಣ, ಬಟ್ಟೆ ಉಳಿಸಕೆ ಕ್ರಾಸಲ್ಲಿ ಕತ್ತರ್ಸವ್ರಲ್ಲ, ಹಿಗ್ದೆ ಇನ್ನೇನ್ ಮಾಡ್ತದೆ" ಅಂದ್ರು. ಅಷ್ಟೇ! ಗಾಳಿ ತುಂಬಿದಂಗೆ, ಎಳೆಗೆ ಓರೆಯಾಗಿ ಕತ್ತರಿಸಿದ ಆ ಬಟ್ಟೆ ಮೆಲ್ಲಗೆ ಹಿಗ್ಗಿ ಬ್ಲಾಡರ್‌ಗೆ ಜಾಗ ಕೊಡ್ತಿತ್ತು, ಒತ್ತಡ ಇಳೀತಿತ್ತು. ಅವರೇ ಎಳೆ ನೇರಕ್ಕೆ ಬರೋ ಹಾಗೆ ಎರಡು ಪದರ ಕತ್ತರಿಸಿ ಅಂಚಿಗೆ ಡಬಲ್ ಹೊಲಿಗೆ ಹಾಕಿದ್ರು, ಜೊತೆಗೆ ರಕ್ತನಾಳದ ಮೇಲೆ ಬರಬೇಕಾದ ಜಾಗಕ್ಕೆ ಕೆಂಪು ದಾರದ ಗುರುತು. ಆ ಗುರುತು ನಂಗೆ ಹೊಳೆದೇ ಇರಲಿಲ್ಲ, ಓದು ಬರಹ ಬರದಿದ್ರೂ ಕಣ್ಣಿಗೆ ಕಾಣುತ್ತೆ ಅಂದ್ರು. ಅವರಿಗೆ ಪ್ರತಿ ಕಫ್‌ಗೂ ಕೂಲಿ ಕೊಡಬೇಕು ಅಂತ ಸಂಘದಲ್ಲಿ ಮಾತಾಗಿದೆ, ಪುಕ್ಕಟೆ ಸೇವೆ ಅಂತ ಹೆಂಗಸರ ಕೈಲಿ ದುಡಿಸ್ಕೊಳ್ಳೋದು ನಂಗೆ ಸುತರಾಂ ಇಷ್ಟ ಇಲ್ಲ.

ಅಂದಹಾಗೆ ಮುಂದಿನದು ಅಂಗನವಾಡಿ ತಕ್ಕಡಿ, ಲೋಡ್ ಸೆಲ್ (ತೂಕ ಅಳೆಯೋ ಸೆನ್ಸರ್) ಮತ್ತೆ ಅದರ ಸಿಗ್ನಲ್ ಓದೋ ಎಚ್ಎಕ್ಸ್711 ಚಿಪ್ ಆಗಲೇ ಡಬ್ಬೀಲಿದೆ. ಮಧ್ಯಾಹ್ನದ ಸೆಕೆಗೆ ರೀಡಿಂಗ್ ಓಡಾಡದಂಗೆ ಹಿಡಿದು ನಿಲ್ಲಿಸಿದವರು ಯಾರಾದ್ರೂ ಇದ್ರೆ ಹೇಳಿ, ಎರಡೂವರೆ ಕೆಜಿ ಸುತ್ತಮುತ್ತ ಇರೋ ಮಗು ವಿಷಯದಲ್ಲಿ 50 ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತೆ.

ಕಫ್‌ಗೆ ವಾಪಸ್. ಈ ಹೊಲಿದ ಕಫ್‌ನ ಡಿಜಿಟಲ್ ಮೆಷೀನಿಗೆ ಸಿಕ್ಕಿಸಬೇಡಿ, ಅದರ ಲೆಕ್ಕಾಚಾರ ಅದರದೇ ಕಫ್‌ಗೆ ಕೂತಿರುತ್ತೆ. ನಾವು ಡಯಲ್ ಮತ್ತು ಸ್ಟೆತಸ್ಕೋಪಲ್ಲೇ ನೋಡ್ತಿರೋದು, ಅದೂ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯವರೇ, ಐದು ನಿಮಿಷ ಒರಗಿ ಕೂರಿಸಿ, ಕೈಗೆ ಆಸರೆ ಕೊಟ್ಟು. ನಾಟಿ ಮುಗಿಸಿ ಬಂದ ಒಬ್ಬ ಅಕ್ಕನಿಗೆ ಮಾಮೂಲಿ ಕಫಲ್ಲಿ 136, ನಮ್ಮದರಲ್ಲಿ 142. ಅಧಿಕಾರಿಯವರು ಅದೊಂದನ್ನೇ ನಂಬದೆ ಇನ್ನೊಂದು ದಿನ ಕರೆಸಿ, ಕಂಪನಿಯ ಸಣ್ಣ ಕಫ್ ತರಿಸಿ ನೋಡಿದಾಗ್ಲೂ 140ರ ಮೇಲೇ ಬಂತು, ಈಗ ಆ ಅಕ್ಕನ ಹೆಸರು ಬಿಪಿ ಇರೋರ ರಿಜಿಸ್ಟರಲ್ಲಿದೆ.

ಸದ್ಯಕ್ಕೆ ಬೇಕಿರೋದು ಎರಡಿಂಚು ಅಗಲದ ಗಟ್ಟಿ ವೆಲ್ಕ್ರೋ. ಮೈಸೂರಿನ ಶಿವರಾಂಪೇಟೆ ಕಡೆ ಕೇಳಿದೆ, ಸಿಕ್ಕಿದ್ದು ಒಗೆದ ಮೇಲೆ 160 ದಾಟಿದ್ರೆ ಚರಚರ ಅಂತ ಬಿಡ್ತಿದೆ. ನಾಲ್ಕು ಸಲ ಒಗೆದ ಮೇಲೂ ಹಿಡಿಯೋ ಮಾಲು ಎಲ್ಲಿ ಸಿಗುತ್ತೆ ಗೊತ್ತಿದ್ರೆ ಅಂಗಡಿ ವಿಳಾಸ ಕಳಿಸಿ, ಈ ಭಾನುವಾರವೇ ಹೋಗಿ ತರ್ತೀನಿ.