ದುರಸ್ತಿ ಮುಗಿದರೂ ಮುಚ್ಚದ ಕಡತ

ಅಮೆರಿಕದ ಒಂದು ನಗರಾಡಳಿತದಲ್ಲಿ ನಾನು ವಸತಿ ಕೋಡ್ (ಮನೆಗಳ ಸುರಕ್ಷತೆಯ ನಿಯಮಾವಳಿ) ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡುತ್ತೇನೆ. ಮನೆಯ ಮೆಟ್ಟಿಲು, ಕಿಟಕಿ, ಛಾವಣಿ, ವೈರಿಂಗ್ ಮುಂತಾದವು ವಾಸಕ್ಕೆ ಸುರಕ್ಷಿತವಾಗಿವೆಯೇ ಎಂದು ಪರಿಶೀಲಿಸುವುದು, ಇಲ್ಲದಿದ್ದರೆ ಮಾಲೀಕರಿಗೆ ನೋಟಿಸ್ ಕಳುಹಿಸುವುದು, ಅವರು ಸರಿಪಡಿಸಿದ ಮೇಲೆ ಮತ್ತೊಮ್ಮೆ ಹೋಗಿ ನೋಡುವುದು ನನ್ನ ದಿನನಿತ್ಯದ ಕೆಲಸ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ, ಇಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ತಪ್ಪದೆ ತಿಳಿಸಬೇಕಾದ ಸಂಗತಿ ಒಂದಿದೆ. ದೋಷವನ್ನು ಸರಿಪಡಿಸುವುದು ಒಂದು ಕೆಲಸ. ಆ ದೋಷಕ್ಕಾಗಿ ನಗರಾಡಳಿತ ತೆರೆದ ಕಡತವನ್ನು ಮುಚ್ಚಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಶ್ರದ್ಧೆಯಿಂದ ಮುಗಿಸಿ ಎರಡನೆಯದರ ಕಡೆಗೆ ಗಮನ ಕೊಡದೆ ಬಿಟ್ಟವರು, ವರ್ಷಗಳ ನಂತರ ಮನೆ ಮಾರಲು ಹೊರಟಾಗ ತೊಂದರೆಗೆ ಸಿಲುಕುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನೋಟಿಸ್ ಕೈಸೇರಿದ ಕೂಡಲೇ ಹೆಚ್ಚಿನವರು ಅದರ ಮೊದಲ ಸಾಲನ್ನು ಮತ್ತು ದಂಡದ ಮಾತನ್ನು ಮಾತ್ರ ಓದಿ ಗಾಬರಿಯಾಗುತ್ತಾರೆ. ಅದನ್ನು ಕೊನೆಯವರೆಗೆ ಸಾವಧಾನವಾಗಿ ಓದಿದರೆ ಅರ್ಧ ಆತಂಕ ಅಲ್ಲಿಯೇ ಕಡಿಮೆಯಾಗುತ್ತದೆ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಪ್ರಕಟಿಸುವ ಪ್ರಾಪರ್ಟಿ ಮೇಂಟೆನೆನ್ಸ್ ಕೋಡ್ ಎಂಬ, ಇರುವ ಕಟ್ಟಡವನ್ನು ಸುಸ್ಥಿತಿಯಲ್ಲಿಡುವ ಮಾದರಿ ನಿಯಮಾವಳಿಯನ್ನು ಹಲವಾರು ನಗರಗಳು ತಮ್ಮ ತಿದ್ದುಪಡಿಗಳೊಂದಿಗೆ ಅಳವಡಿಸಿಕೊಂಡಿವೆ. ಅದರ ಪ್ರಕಾರ ನೋಟಿಸ್ ಲಿಖಿತವಾಗಿರಬೇಕು, ಯಾವ ಆಸ್ತಿ ಎಂಬುದನ್ನು ಗುರುತಿಸಬೇಕು, ಏನು ಉಲ್ಲಂಘನೆ ಎಂಬುದನ್ನು ಹೇಳಬೇಕು, ಸರಿಪಡಿಸಲು ನ್ಯಾಯವಾದ ಕಾಲಾವಕಾಶ ಕೊಡಬೇಕು, ಮೇಲ್ಮನವಿಯ ಹಕ್ಕನ್ನು ತಿಳಿಸಬೇಕು ಮತ್ತು ಆಸ್ತಿಯ ಮೇಲೆ ಲೀನ್ (ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಹಕ್ಕು) ದಾಖಲಿಸುವ ಅಧಿಕಾರ ನಗರಾಡಳಿತಕ್ಕಿದೆ ಎಂಬುದನ್ನೂ ಸೇರಿಸಬೇಕು. ಈ ನಿಯಮಾವಳಿ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. 2018, 2021 ಮತ್ತು 2024ರ ಆವೃತ್ತಿಗಳಲ್ಲಿ ನಿಮ್ಮ ನಗರ ಯಾವುದನ್ನು ಅನುಸರಿಸುತ್ತಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಸೆಕ್ಷನ್ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ಹುಲ್ಲು ಎಷ್ಟು ಎತ್ತರ ಬೆಳೆಯಬಹುದು ಎಂಬಂಥ ಸಣ್ಣ ವಿಷಯಕ್ಕೂ ಮಾದರಿ ನಿಯಮದಲ್ಲಿ ಅಂಕಿಯ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅದನ್ನು ತುಂಬುವುದು ಆಯಾ ನಗರ. ಹೀಗಾಗಿ ಬೇರೆ ಊರಿನಲ್ಲಿರುವ ಸ್ನೇಹಿತರ ಅನುಭವವನ್ನು ನೆಚ್ಚಿಕೊಂಡು ತೀರ್ಮಾನಕ್ಕೆ ಬರಬೇಡಿ.

ನಿಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ ಬರುವ ಪತ್ರ ಇದಕ್ಕಿಂತ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ನೀವು ಮನೆ ಕೊಳ್ಳುವಾಗ ಒಪ್ಪಿಕೊಂಡ ಖಾಸಗಿ ಕರಾರಿಗೆ ಸಂಬಂಧಿಸಿದ್ದು. ಅವರು ತೃಪ್ತರಾದರೆಂದ ಮಾತ್ರಕ್ಕೆ ನಗರಾಡಳಿತದ ಕಡತ ಮುಚ್ಚುವುದಿಲ್ಲ.

ನೋಟಿಸಿನಲ್ಲಿ ಎರಡು ಗಡುವುಗಳಿರುತ್ತವೆ. ದುರಸ್ತಿಯ ಗಡುವನ್ನು ಎಲ್ಲರೂ ಗಮನಿಸುತ್ತಾರೆ, ಮೇಲ್ಮನವಿಯ ಗಡುವನ್ನು ಗಮನಿಸುವವರು ಕಡಿಮೆ. ಮಾದರಿ ನಿಯಮದಲ್ಲಿ ನೋಟಿಸ್ ಜಾರಿಯಾದ ದಿನದಿಂದ 20 ದಿನಗಳೊಳಗೆ ಲಿಖಿತ ಅರ್ಜಿ ಸಲ್ಲಿಸಬೇಕು. ನಿಮ್ಮ ನಗರದಲ್ಲಿ ಅದು ಹೆಚ್ಚು ಅಥವಾ ಕಡಿಮೆ ಇರಬಹುದು. ನಿಯಮವನ್ನು ತಪ್ಪಾಗಿ ಅರ್ಥೈಸಲಾಗಿದೆ, ಈ ಮನೆಗೆ ಅದು ಪೂರ್ಣವಾಗಿ ಅನ್ವಯಿಸುವುದಿಲ್ಲ, ಅಥವಾ ಬೇರೊಂದು ವಿಧಾನದಿಂದ ಅದರ ಉದ್ದೇಶ ಈಗಾಗಲೇ ಈಡೇರಿದೆ ಎಂಬ ಮೂರು ಆಧಾರಗಳ ಮೇಲೆ ಮೇಲ್ಮನವಿ ಸಲ್ಲಿಸಬಹುದು. ತಕ್ಷಣದ ಅಪಾಯವಿರುವ ಪ್ರಕರಣಗಳನ್ನು ಬಿಟ್ಟರೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಮುಂದಿನ ಕ್ರಮಕ್ಕೆ ತಡೆಯಿರುತ್ತದೆ. ದುರಸ್ತಿಗೆ ಹಣವಿಲ್ಲ ಎಂಬುದು ಈ ಆಧಾರಗಳಲ್ಲಿ ಸೇರುವುದಿಲ್ಲ. ಅದಕ್ಕೆ ಕೇಳಬೇಕಾದದ್ದು ಕಾಲಾವಕಾಶದ ವಿಸ್ತರಣೆ.

ವಿಸ್ತರಣೆ ಕೇಳುವುದಕ್ಕೆ ಸಂಕೋಚಪಡುವ ಅಗತ್ಯವೇ ಇಲ್ಲ. ನೋಟಿಸಿನ ಕೆಳಗೆ ಇನ್‌ಸ್ಪೆಕ್ಟರ್ ಹೆಸರು ಮತ್ತು ಫೋನ್ ನಂಬರ್ ಇರುತ್ತದೆ. ಗಡುವು ಮುಗಿಯುವ ಮೊದಲೇ ಕರೆ ಮಾಡಿ, ಕಾಂಟ್ರಾಕ್ಟರ್ ಯಾವಾಗ ಬರುತ್ತಾರೆ, ಸಾಮಗ್ರಿ ಯಾವಾಗ ಸಿಗುತ್ತದೆ, ಮೊದಲು ಯಾವ ಭಾಗ ಮುಗಿಯುತ್ತದೆ ಎಂಬುದನ್ನು ಹೇಳಿ, ಅದೇ ವಿವರವನ್ನು ಇಮೇಲ್‌ನಲ್ಲಿಯೂ ಬರೆದು, ಕೊಟೇಶನ್‌ನ ಪ್ರತಿಯನ್ನು ಲಗತ್ತಿಸಿ ಕಳುಹಿಸಿದರೆ, ಅಪಾಯವಿಲ್ಲದ ಪ್ರಕರಣಗಳಲ್ಲಿ ನಾವು ಸಾಮಾನ್ಯವಾಗಿ ಒಪ್ಪುತ್ತೇವೆ. ಫೋನಿನಲ್ಲಿ ಸಿಕ್ಕ ಒಪ್ಪಿಗೆಗಿಂತ ಬರಹದಲ್ಲಿರುವ ಒಪ್ಪಿಗೆಗೆ ಬೆಲೆ ಹೆಚ್ಚು. ಇನ್‌ಸ್ಪೆಕ್ಟರ್‌ಗಳು ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಕಡತ ಮಾತ್ರ ಉಳಿಯುತ್ತದೆ. ಯಾವ ಉತ್ತರವೂ ಬಾರದ ಮನೆಗಳ ವಿಷಯದಲ್ಲಿ ನಮಗೆ ಮುಂದಿನ ಹಂತಕ್ಕೆ ಹೋಗುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ, ಮತ್ತು ನೋಟಿಸ್ ಕೊಟ್ಟ ಮೇಲೂ ಮುಂದುವರಿಯುವ ಉಲ್ಲಂಘನೆಯಲ್ಲಿ ಪ್ರತಿ ದಿನವನ್ನೂ ಪ್ರತ್ಯೇಕ ಅಪರಾಧವೆಂದು ಪರಿಗಣಿಸಲು ಮಾದರಿ ನಿಯಮ ಅವಕಾಶ ಕೊಡುತ್ತದೆ.

ಮನೆಯೊಳಗೆ ಬಿಡಲೇಬೇಕೇ ಎಂದು ಹಲವರು ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಮಾರಾ ಪ್ರಕರಣದಲ್ಲಿ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದಂತೆ, ತುರ್ತು ಸಂದರ್ಭವನ್ನು ಹೊರತುಪಡಿಸಿ, ವಾಸದ ಮನೆಯೊಳಗೆ ತಪಾಸಣೆಗೆ ಬರಲು ಇನ್‌ಸ್ಪೆಕ್ಟರ್‌ಗೆ ನಿಮ್ಮ ಒಪ್ಪಿಗೆ ಬೇಕು, ಇಲ್ಲವೇ ವಾರಂಟ್ ಬೇಕು. ಇದು ನಿಮ್ಮ ಹಕ್ಕು, ಅದನ್ನು ಬಳಸಿದವರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಆದರೆ ಆ ತೀರ್ಪಿನ ಇನ್ನೊಂದು ಭಾಗವನ್ನೂ ತಿಳಿದಿರಿ: ಇಂಥ ವಾರಂಟ್ ಪಡೆಯಲು ಕ್ರಿಮಿನಲ್ ಪ್ರಕರಣದಲ್ಲಿ ಬೇಕಾದಷ್ಟು ಬಲವಾದ ಕಾರಣ ತೋರಿಸಬೇಕಾಗಿಲ್ಲ. ಮರುತಪಾಸಣೆಯ ಹೊತ್ತಿಗೆ ನೀವೇ ದಿನ ಮತ್ತು ಸಮಯ ಗೊತ್ತುಪಡಿಸಿ, ಜೊತೆಯಲ್ಲಿ ನಿಂತು, ನೋಟಿಸಿನಲ್ಲಿ ಹೇಳಿದ ಭಾಗವನ್ನು ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಇನ್ನು ದುರಸ್ತಿಯ ವಿಷಯ. ನನ್ನ ಮಟ್ಟಿಗೆ ಹೆಚ್ಚು ಹಣ ಪೋಲಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮನೆಯ ಹಿಂದಿನ ಮರದ ಡೆಕ್‌ನ (ಮನೆಗೆ ತಾಗಿದ ತೆರೆದ ಜಗಲಿಯ) ಅಂಚಿನ ತಡೆಕಂಬಿ ಸಡಿಲವಾಗಿದೆ ಎಂದು ನೋಟಿಸ್ ಹೋಗಿರುತ್ತದೆ. ಮಾಲೀಕರು ವಾರಾಂತ್ಯದಲ್ಲಿ ಮರ ತಂದು ಹಳೆಯ ಅಳತೆಯಲ್ಲಿಯೇ ಹೊಸ ಕಂಬಿ ಕೂರಿಸುತ್ತಾರೆ. ಇರುವ ಕಟ್ಟಡವನ್ನು ಸುಸ್ಥಿತಿಯಲ್ಲಿಡುವ ನಿಯಮಾವಳಿಯಲ್ಲಿ, ನೆಲದಿಂದ 30 ಇಂಚಿಗಿಂತ ಎತ್ತರದಲ್ಲಿರುವ ಜಾಗಕ್ಕೆ ಕನಿಷ್ಠ 30 ಇಂಚಿನ ತಡೆ ಸಾಕು. ಆದರೆ ಹೊಸದಾಗಿ ಕಟ್ಟುವಾಗ ಅನ್ವಯಿಸುವ ವಸತಿ ಕಟ್ಟಡ ನಿಯಮಾವಳಿ 36 ಇಂಚು ಕೇಳುತ್ತದೆ. ಸಡಿಲವಾದ ಕಂಬಿಯನ್ನು ಬಿಗಿಗೊಳಿಸುವುದಕ್ಕೂ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದು. ನಿಮ್ಮ ಕೆಲಸ ಇವೆರಡರಲ್ಲಿ ಯಾವುದು, ಅದಕ್ಕೆ ಪರ್ಮಿಟ್ ಬೇಕೇ ಎಂಬುದನ್ನು ಮರ ಕೊಳ್ಳುವ ಮೊದಲೇ ಕೇಳಬೇಕು. ಎತ್ತರ ಸರಿಯಿದ್ದರೂ ಅಲ್ಲಿಗೆ ಮುಗಿಯುವುದಿಲ್ಲ. ಕಂಬಿಗಳ ಸಂದಿಯಲ್ಲಿ ನಾಲ್ಕು ಇಂಚು ವ್ಯಾಸದ ಗೋಳ ತೂರಬಾರದು, ಏಕೆಂದರೆ ಆ ಸಂದಿಯಲ್ಲಿ ಸಣ್ಣ ಮಗು ನುಸುಳಿ ಕೆಳಗೆ ಬೀಳಬಹುದು. ನಾನು ಆ ಅಳತೆಯ ಗೋಳವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿ ಸಂದಿಯಲ್ಲೂ ಒತ್ತಿ ನೋಡುತ್ತೇನೆ. ಸಾಮಾನ್ಯವಾಗಿ ನಡುವೆ ಎಲ್ಲಾ ಸರಿಯಿದ್ದು, ಮೂಲೆಯ ಕಂಬದ ಪಕ್ಕದ ಕೊನೆಯ ಸಂದಿಯಲ್ಲಿ ಅದು ತೂರಿಬಿಡುತ್ತದೆ, ಏಕೆಂದರೆ ಅಳತೆಯಲ್ಲಿ ಮಿಕ್ಕಿದ್ದನ್ನೆಲ್ಲ ಬಡಗಿ ಅಲ್ಲಿಗೆ ತಳ್ಳಿರುತ್ತಾನೆ. ಆಮೇಲೆ ಡೆಕ್‌ನ ಕೆಳಗೆ ಟಾರ್ಚ್ ಹಿಡಿದು, ಅದನ್ನು ಗೋಡೆಗೆ ಜೋಡಿಸಿರುವ ಪಟ್ಟಿಯನ್ನು ನೋಡುತ್ತೇನೆ. ಅಲ್ಲಿ ಬೋಲ್ಟ್‌ಗಳು ಅಥವಾ ದಪ್ಪ ಲ್ಯಾಗ್ ಸ್ಕ್ರೂಗಳಿರಬೇಕು. ಭಾರ ಬಿದ್ದಾಗ ಗೋಡೆಯಿಂದ ಕಿತ್ತು ಬರುವಂತೆ ಬರೀ ಮೊಳೆ ಹೊಡೆದಿದ್ದರೆ, ಮೇಲಿನ ಕಂಬಿ ಎಷ್ಟೇ ಚೆನ್ನಾಗಿದ್ದರೂ ಹಬ್ಬದ ದಿನ ನೆಂಟರೆಲ್ಲ ನಿಲ್ಲುವ ಆ ಡೆಕ್ ಅಪಾಯದಲ್ಲಿಯೇ ಇರುತ್ತದೆ.

ಬೇಸ್‌ಮೆಂಟ್‌ನಲ್ಲಿ ಮಲಗುವ ಕೋಣೆ ಮಾಡಿಕೊಂಡವರಿಗೆ ಬರುವ ನೋಟಿಸ್ ಇದಕ್ಕಿಂತ ಗಂಭೀರ. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆಂದು ಪ್ರೀತಿಯಿಂದ ಮಾಡಿಸಿದ ಕೋಣೆಗಳನ್ನು ನಾನು ನೋಡಿದ್ದೇನೆ. ಬೆಂಕಿ ಬಿದ್ದ ರಾತ್ರಿ ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಆ ಹಿರಿಯರು ಹೊರಬರಲು ಉಳಿಯುವುದು ಕಿಟಕಿ ಮಾತ್ರ. ಹೊಸ ಕೋಣೆಯ ಕಿಟಕಿ ತೆರೆದಾಗ ಸಿಗುವ ಜಾಗ ಕನಿಷ್ಠ 24 ಇಂಚು ಎತ್ತರ, 20 ಇಂಚು ಅಗಲ ಇರಬೇಕು, ಒಟ್ಟು 5.7 ಚದರ ಅಡಿ ಇರಬೇಕು (ಹೊರಗಿನ ನೆಲದ ಮಟ್ಟದಲ್ಲಿರುವ ಕಿಟಕಿಗೆ 5 ಚದರ ಅಡಿ), ಮತ್ತು ಅದರ ಕೆಳ ಅಂಚು ಕೋಣೆಯ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಇಲ್ಲಿ ಹಲವರು ಮೊದಲಿನ ಎರಡು ಅಂಕಿಗಳನ್ನು ಮಾತ್ರ ಹಿಡಿದುಕೊಂಡು 20 ಇಂಚು ಅಗಲ, 24 ಇಂಚು ಎತ್ತರದ ಕಿಟಕಿಯನ್ನು ತರಿಸಿಬಿಡುತ್ತಾರೆ. ಗುಣಿಸಿ ನೋಡಿದರೆ ಅದು ಕೇವಲ 3.3 ಚದರ ಅಡಿಯಷ್ಟಾಗುತ್ತದೆ. ಎಲ್ಲ ಅಳತೆಗಳೂ ಒಟ್ಟಿಗೆ ಕೂಡಿಬರಬೇಕು, ಮತ್ತು ಆ ಅಳತೆ ಚೌಕಟ್ಟಿನದ್ದಲ್ಲ, ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದಾಗ ಸಿಗುವ ಖಾಲಿ ಜಾಗದ್ದು. ಕಾಂಕ್ರೀಟ್ ಗೋಡೆ ಕೊರೆದ ಮೇಲೆ ಇದು ತಿಳಿದರೆ ಎಷ್ಟು ನಷ್ಟವೆಂಬುದನ್ನು ನೀವೇ ಊಹಿಸಬಹುದು.

ಪರ್ಮಿಟ್ ಇಲ್ಲದೆ ಹಿಂದಿನ ಮಾಲೀಕರು ಮಾಡಿಸಿದ ಕೆಲಸಕ್ಕೂ ಇಂದಿನ ಮಾಲೀಕರೇ ಉತ್ತರಿಸಬೇಕಾಗುತ್ತದೆ. ಇದು ಅನ್ಯಾಯವೆಂದು ಅನ್ನಿಸುವುದು ಸಹಜ, ಆದರೆ ನೋಟಿಸ್ ಇರುವುದು ಮನೆಯ ಸ್ಥಿತಿಯ ಬಗ್ಗೆ. ಅಂಥ ಕೆಲಸಕ್ಕೆ ನಂತರ ಪರ್ಮಿಟ್ ಪಡೆಯಬಹುದು. ಹಲವು ನಗರಗಳಲ್ಲಿ ಅದರ ಶುಲ್ಕ ಹೆಚ್ಚು, ಮತ್ತು ಒಳಗಿನ ವೈರಿಂಗ್ ಅಥವಾ ಪ್ಲಂಬಿಂಗ್ ಕಾಣುವಂತೆ ಗೋಡೆಯ ಹಲಗೆಯನ್ನು ಅಲ್ಲಲ್ಲಿ ಬಿಚ್ಚಿ ತೋರಿಸಲು ಹೇಳಬಹುದು. ಹೊಸ ಕೆಲಸವಾದರೆ ಇನ್‌ಸ್ಪೆಕ್ಟರ್ ನೋಡುವವರೆಗೆ ಯಾವುದನ್ನೂ ಮುಚ್ಚಬೇಡಿ. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ಅಂಥ ಮನೆಯ ಬಣ್ಣವನ್ನು ಕೆರೆಯುವ ಅಥವಾ ಕಿಟಕಿ ಬದಲಿಸುವ ಕೆಲಸವನ್ನು ಹಣ ಪಡೆದು ಮಾಡುವ ಕಾಂಟ್ರಾಕ್ಟರ್ ಪರಿಸರ ಸಂರಕ್ಷಣಾ ಸಂಸ್ಥೆಯ 2010ರಿಂದ ಜಾರಿಯಲ್ಲಿರುವ ನಿಯಮದಂತೆ ಪ್ರಮಾಣಪತ್ರ ಪಡೆದಿರಬೇಕು. ಆ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ.

ಕೆಲಸ ಮುಗಿಯಿತು, ಬಿಲ್ ಪಾವತಿಯಾಯಿತು ಎಂದಿಟ್ಟುಕೊಳ್ಳೋಣ. ನಾನು ಆರಂಭದಲ್ಲಿ ಹೇಳಿದ ಎರಡನೆಯ ಕೆಲಸ ಈಗ ಶುರುವಾಗುತ್ತದೆ. ಮರುತಪಾಸಣೆಗೆ ನೀವೇ ಕರೆ ಮಾಡಬೇಕು. ಪರ್ಮಿಟ್ ತೆಗೆದುಕೊಂಡಿದ್ದರೆ ಅದಕ್ಕೆ ಕಟ್ಟಡ ವಿಭಾಗದ ಅಂತಿಮ ತಪಾಸಣೆ ಬೇರೆಯೇ ಇರುತ್ತದೆ. ಅದು ಮುಗಿದ ಮಾತ್ರಕ್ಕೆ ನೋಟಿಸ್ ಕೊಟ್ಟ ವಿಭಾಗಕ್ಕೆ ಸುದ್ದಿ ತಲುಪುತ್ತದೆಂದು ಭಾವಿಸಬೇಡಿ. ಕಾಂಟ್ರಾಕ್ಟರ್ ಕರೆ ಮಾಡುತ್ತಾರೆಂದು ಮಾಲೀಕರು, ಮಾಲೀಕರು ಮಾಡುತ್ತಾರೆಂದು ಕಾಂಟ್ರಾಕ್ಟರ್ ಸುಮ್ಮನಿದ್ದು, ಒಳ್ಳೆಯ ದುರಸ್ತಿಯಾದ ಮನೆಯ ಮೇಲೆ ದಂಡ ಬೆಳೆಯುತ್ತಾ ಹೋದ ಪ್ರಕರಣಗಳು ನಮ್ಮ ಮೇಜಿಗೆ ಬರುತ್ತವೆ. ತಪಾಸಣೆಯಾದ ಮೇಲೆ, ಪ್ರಕರಣ ಮುಕ್ತಾಯವಾಗಿದೆ ಎಂಬ ಪತ್ರವನ್ನು ಪ್ರಕರಣದ ಸಂಖ್ಯೆ ಮತ್ತು ದಿನಾಂಕದೊಂದಿಗೆ ಕೇಳಿ ಪಡೆಯಿರಿ. ದಂಡದ ಬಾಕಿ ಅಥವಾ ಲೀನ್ ದಾಖಲಾಗಿದ್ದರೆ, ಅದು ತೀರಿತು ಎಂಬ ಬಿಡುಗಡೆ ಪತ್ರ ಕೌಂಟಿಯ ದಾಖಲೆ ಕಚೇರಿಯಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಮೊದಲಿನ ಸ್ಥಿತಿಯ ಮತ್ತು ನಂತರದ ಸ್ಥಿತಿಯ ಫೋಟೋಗಳು, ಬಿಲ್ಲುಗಳು, ಪರ್ಮಿಟ್, ಇಮೇಲ್‌ಗಳು ಎಲ್ಲವೂ ಮನೆಯ ಕ್ರಯಪತ್ರವಿರುವ ಜಾಗದಲ್ಲಿಯೇ ಇರಲಿ.

ಹಣದ ಅಡಚಣೆಯಿರುವವರು ಮರೆಮಾಡದೆ ಹೇಳಿದರೆ ನಮಗೆ ತಿಳಿದ ದಾರಿಗಳನ್ನು ತೋರಿಸಬಹುದು. ಕೇಂದ್ರ ಸರ್ಕಾರದ ಸಮುದಾಯ ಅಭಿವೃದ್ಧಿ ಅನುದಾನದಿಂದ ಹಲವು ನಗರಗಳು ಕಡಿಮೆ ಆದಾಯದ ಮಾಲೀಕರಿಗೆ ದುರಸ್ತಿ ನೆರವು ಕೊಡುತ್ತವೆ. ಗ್ರಾಮೀಣ ಪ್ರದೇಶದಲ್ಲಿ ತೀರಾ ಕಡಿಮೆ ಆದಾಯವಿರುವವರಿಗೆ ಕೃಷಿ ಇಲಾಖೆಯ ಸೆಕ್ಷನ್ 504 ಯೋಜನೆಯಲ್ಲಿ ಶೇಕಡಾ 1ರ ಬಡ್ಡಿಗೆ ದುರಸ್ತಿ ಸಾಲ ಸಿಗುತ್ತದೆ. 62 ವರ್ಷ ತುಂಬಿದವರಿಗೆ ಅನುದಾನವೂ ಇದೆ.

ನೋಟಿಸ್ ಬಾಕಿಯಿರುವಾಗಲೇ ಮನೆ ಮಾರಿಬಿಡೋಣ ಎಂದು ಯೋಚಿಸುವವರು ಮಾದರಿ ನಿಯಮದ ಒಂದು ಮಾತನ್ನು ಗಮನಿಸಬೇಕು: ಆದೇಶವನ್ನು ಪಾಲಿಸದೆ ಮಾರುವುದಾದರೆ ನೋಟಿಸಿನ ಪ್ರತಿಯನ್ನು ಕೊಳ್ಳುವವರಿಗೆ ಕೊಟ್ಟು, ದುರಸ್ತಿಯ ಹೊಣೆಯನ್ನು ಒಪ್ಪಿಕೊಂಡಿದ್ದೇವೆ ಎಂಬ ಅವರ ನೋಟರೀಕೃತ ಹೇಳಿಕೆಯನ್ನು ನಗರಾಡಳಿತಕ್ಕೆ ಸಲ್ಲಿಸಬೇಕು. ಕೊಳ್ಳುವವರ ಕಡೆಯಿಂದ ನೋಡಿದರೆ, ಟೈಟಲ್ ಕಂಪನಿಯ (ಆಸ್ತಿಯ ಹಕ್ಕಿನ ದಾಖಲೆಗಳನ್ನು ಪರಿಶೀಲಿಸುವ ಸಂಸ್ಥೆಯ) ಶೋಧನೆಯಲ್ಲಿ ದಾಖಲಾದ ಲೀನ್ ಸಿಗುತ್ತದೆ, ಇನ್ನೂ ಲೀನ್ ಆಗದ ತೆರೆದ ಕಡತ ಸಿಗದೆ ಹೋಗಬಹುದು. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸದ ಮೇಲೆ ಬಾಕಿ ಇರುವ ಪ್ರಕರಣಗಳು ಮತ್ತು ಮುಗಿಯದ ಪರ್ಮಿಟ್‌ಗಳು ಏನಿವೆ ಎಂದು ನಗರದ ಕೋಡ್ ವಿಭಾಗವನ್ನೂ ಕಟ್ಟಡ ವಿಭಾಗವನ್ನೂ ಬರಹದಲ್ಲಿ ಕೇಳಿ, ಬಂದ ಉತ್ತರವನ್ನು ನಿಮ್ಮ ವಕೀಲರಿಗೆ ಅಥವಾ ಏಜೆಂಟ್‌ಗೆ ತೋರಿಸಿ, ಮಾರುವವರಿಂದಲೇ ಅವುಗಳನ್ನು ಮುಚ್ಚಿಸುವ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಳ್ಳಿ.