ತಗಡು ಹೋದರೆ ತಗಡು ಹಾಕಬಹುದು

ಕಳಸದಿಂದ ನಮ್ಮ ಮನೆ ಕಡೆ ಬಂದರೆ ಒಂದು ಸಣ್ಣ ಸೇತುವೆ ಹತ್ತಿರ ಟಾರು ಮುಗಿಯುತ್ತದೆ. ಅಲ್ಲಿಂದ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಏರು. ಕೆಂಪು ಜೇಡಿಮಣ್ಣು. ಬೇಸಿಗೆಯಲ್ಲಿ ಸ್ಕೂಟಿಯೂ ಹತ್ತುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬರಿಗಾಲಲ್ಲಿ ಹತ್ತುವುದೂ ಕಷ್ಟ. ಮಳೆಗಾಲ ಪೂರ್ತಿ ನಮ್ಮ ಕಾರು ಸೇತುವೆ ಆಚೆ ಅಂಗಡಿಯವರ ಶೆಡ್ಡಿನಲ್ಲಿ, ನಾವು ಈಚೆ ಮನೆಯಲ್ಲಿ.

2023ರ ಜುಲೈನಲ್ಲಿ ಅಮ್ಮ ಹಿತ್ತಲಲ್ಲಿ ಜಾರಿ ಬಿದ್ದರು. ಕಾಲಿನ ಹರಡು ಊದಿ ಕೈಯಷ್ಟು ದಪ್ಪ ಆಯಿತು. ಪಕ್ಕದ ಮನೆ ಜೀಪು ಆ ವಾರ ರಿಪೇರಿಗೆ ಹೋಗಿತ್ತು. ನಾಲ್ಕು ಜನ ಸೇರಿ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಮೇಲೆ ಕಂಬಳಿ ಕೊಪ್ಪೆ ಹೊದೆಸಿದ್ದೆವು. ಏರಿನಲ್ಲಿ ಇಳಿಯುವಾಗ ಅಮ್ಮ ತಮ್ಮ ನೋವು ಮರೆತು, "ನಿಧಾನ ಕಣ್ರೋ, ಜಾರುತ್ತೆ, ನಿಮ್ಮ ಸೊಂಟ ಮುರ್ಕೋಬೇಡಿ" ಅನ್ನುತ್ತಿದ್ದರು. ನಾನು ಹಿಂದೆ ಟಾರ್ಚ್ ಹಿಡಿದು ನಡೆಯುತ್ತಿದ್ದೆ. ಇನ್ನೊಂದು ಮಳೆಗಾಲ ಹೀಗೆ ಕಳೆಯುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಬೆಂಗಳೂರಿನಲ್ಲಿರುವ ತಮ್ಮ, "ಹೊಸದೇ ತಗೋ ಅಕ್ಕ, ಜಿಮ್ನಿ ಬಂದಿದೆ" ಅಂದ. ಮಾರುತಿಯವರ ಹೊಸ ಫೋರ್ ವೀಲ್ ಗಾಡಿ. ಆ ಜೂನ್‌ನಲ್ಲಷ್ಟೇ ಅದು ಬಿಡುಗಡೆ ಆಗಿತ್ತು. ಆಗ ಷೋರೂಂ ಬೆಲೆಯೇ 12.74 ಲಕ್ಷದಿಂದ ಶುರುವಾಗುತ್ತಿತ್ತು. ನಮ್ಮದು ಮೂರು ಎಕರೆ ಕಾಫಿ, ಒಂದಿಷ್ಟು ಅಡಿಕೆ, ಮರಕ್ಕೆ ಹಬ್ಬಿದ ಮೆಣಸು. ಅಷ್ಟು ದುಡ್ಡು ಎಲ್ಲಿಂದ ತರುವುದು? ನನ್ನ ಹತ್ತಿರ ಇದ್ದದ್ದು ಮೆಣಸು ಮಾರಿದ ದುಡ್ಡು. ಎರಡೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ನಮ್ಮ ಕಾರು ನೋಡಿಕೊಳ್ಳುವ ಗ್ಯಾರೇಜಿನ ಕಾಕನಿಗೆ ಹೇಳಿದೆ. ನಲವತ್ತು ವರ್ಷದಿಂದ ಜೀಪುಗಳ ಅಡಿಯಲ್ಲೇ ಮಲಗಿ ಬಂದವರು. ಅವರು ಒಂದೇ ಮಾತು ಹೇಳಿದರು: "ಜಿಪ್ಸಿ ನೋಡಿ ಅಮ್ಮ. ಭಾರದ ಗಾಡಿ ಕೆಸರಲ್ಲಿ ಕೂತುಬಿಡುತ್ತೆ. ಇದು ಹಗುರ."

ಮಾರುತಿ ಜಿಪ್ಸಿ 1985ರಲ್ಲಿ ನಮ್ಮ ದೇಶಕ್ಕೆ ಬಂತು. ಮೊದಲು 970 ಸಿಸಿ ಎಂಜಿನ್. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ, ಬಂದ ಮೇಲೆ ಎಂಜಿನ್ ತಾಕತ್ತು 80 ಕುದುರೆಶಕ್ತಿಗೆ ಏರಿತು. ಸೇನೆ, ಪೊಲೀಸರು, ಅರಣ್ಯ ಇಲಾಖೆಯವರು ದಶಕಗಟ್ಟಲೆ ಓಡಿಸಿದ ಗಾಡಿ ಇದು. ತೂಕ ಸುಮಾರು ಒಂದು ಟನ್ ಅಷ್ಟೇ. 2019ರ ಹೊತ್ತಿಗೆ ನಮ್ಮಂಥವರಿಗೆ ಹೊಸದು ಸಿಗುವುದು ನಿಂತೇ ಹೋಯಿತು. ಹಾಗಾಗಿ ಹಳೆಯದಕ್ಕೆ ಬೇಡಿಕೆ ಜಾಸ್ತಿ. ಚಿಕ್ಕಮಗಳೂರು ಕಡೆ ರ‍್ಯಾಲಿ ಹುಡುಗರಿಗೂ ಇದೇ ಬೇಕು. ರ‍್ಯಾಲಿಯಲ್ಲಿ ಕುಣಿದು ಬಂದ ಗಾಡಿಯನ್ನು ಮಾತ್ರ ಮುಟ್ಟಬೇಡಿ ಎಂದು ಕಾಕ ಮೊದಲೇ ಹೇಳಿಬಿಟ್ಟಿದ್ದರು.

2024ರ ಮೇ ತಿಂಗಳ ಒಂದು ಭಾನುವಾರ. ಕಾಕನ ಓಮ್ನಿಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಿಕ್ಕಮಗಳೂರು ಮುಟ್ಟುವಾಗ ಒಂಬತ್ತೂವರೆ. ಊರ ಹೊರಗೆ ಹಳೇ ಗಾಡಿ ಮಾರುವ ಒಬ್ಬರ ಅಂಗಳದಲ್ಲಿ ಮೊದಲನೆಯ ಜಿಪ್ಸಿ ನಿಂತಿತ್ತು. ಹಸಿರು ಬಣ್ಣ ಹೊಸದಾಗಿ ಹೊಡೆದಿದ್ದರು. ದೊಡ್ಡ ದೊಡ್ಡ ಟೈರು, ಮುಂದೆ ನಾಲ್ಕು ಲೈಟು. ನನಗಂತೂ ನೋಡಿದ ಕೂಡಲೇ ಇಷ್ಟವಾಯಿತು. ಬೆಲೆ 3 ಲಕ್ಷ ಅಂದರು, "ಕೂತು ಮಾತಾಡೋಣ" ಅಂತಲೂ ಅಂದರು. ಮಾತೆಲ್ಲ ಕಾಕನ ಜೊತೆಗೇ ನಡೆಯುತ್ತಿತ್ತು. ಕಾಕ ಕೈ ಎತ್ತಿ, "ಗಾಡಿ ಇವರಿಗೆ. ದುಡ್ಡು ಇವರದ್ದು. ಇವರ ಹತ್ರ ಮಾತಾಡಿ" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಆಮೇಲೆ ಕಾಕ ನನಗೆ ಒಂದು ಕೆಲಸ ಹೇಳಿದರು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಫೋರ್ ವೀಲ್ ಲಿವರ್ ಹಾಕಿ, ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ಅಂಗಳದ ಕಾಂಕ್ರೀಟಿನ ಮೇಲೆ ಒಂದು ಸುತ್ತು ನಿಧಾನಕ್ಕೆ ಹೊಡೆಯಿರಿ ಎಂದು. ಹೊಡೆದೆ. ಗಾಡಿ ಬೆಣ್ಣೆಯ ಹಾಗೆ ತಿರುಗಿತು. ಖುಷಿಯಿಂದ ಇಳಿದು ಬಂದರೆ ಕಾಕನ ಮುಖ ಸಪ್ಪಗಾಗಿತ್ತು.

"ಹೀಗೆ ತಿರುಗಬಾರದು ಅಮ್ಮ" ಅಂದರು. ಕಾರಣ ಕೇಳಿದಾಗ ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಜಿಪ್ಸಿಯಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಬಿದ್ದರೆ ಎರಡೂ ಒಂದೇ ಲೆಕ್ಕದಲ್ಲಿ ಸುತ್ತಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿಕೊಂಡು ಹೊಂದಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರುವುದಿಲ್ಲ, ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಬಿಗಿಯುತ್ತದೆ. ಹಾಗೆ ಬಿಗಿದರೆ ಫೋರ್ ವೀಲ್ ಇದೆ ಅಂತ ಅರ್ಥ. ಸಲೀಸಾಗಿ ತಿರುಗಿದರೆ ಎಲ್ಲೋ ಏನೋ ತಪ್ಪಿದೆ.

"ಬನ್ನಿ, ನೀವೇ ನೋಡಿ" ಅಂದರು. ಗೋಣಿಚೀಲ ಹಾಸಿಕೊಂಡು ಗಾಡಿ ಅಡಿಯಲ್ಲಿ ಮಲಗಿದೆ. ನಡುವೆ ಟ್ರಾನ್ಸ್‌ಫರ್ ಕೇಸ್, ಎಂಜಿನ್ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ. ಅದರಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಸಾಗಿಸುವ ಒಂದು ಉದ್ದ ದಂಡ, ಪ್ರೊಪೆಲ್ಲರ್ ಶಾಫ್ಟ್, ಹೋಗಿತ್ತು. ಮುಂದಕ್ಕೂ ಅಂಥದ್ದೇ ಒಂದು ಇರಬೇಕಿತ್ತು. ಅಲ್ಲಿ ಬರೀ ಒಂದು ದುಂಡಗಿನ ಬಿಲ್ಲೆ. ಬೆರಳಾಡಿಸಿದರೆ ಬೋಲ್ಟಿನ ನಾಲ್ಕು ತೂತು ಸಿಕ್ಕವು. ಒಳಗೆ ಗ್ರೀಸ್ ಗಟ್ಟಿಯಾಗಿ ಧೂಳು ಮೆತ್ತಿತ್ತು. ಶಾಫ್ಟ್ ಬಿಚ್ಚಿ ಎಷ್ಟು ವರ್ಷವಾಗಿತ್ತೋ! ಸದ್ದು ಕಡಿಮೆಯಾಗಲಿ ಅಂತಲೋ, ಪೆಟ್ರೋಲ್ ಉಳಿಯಲಿ ಅಂತಲೋ ಕೆಲವರು ಹೀಗೆ ಬಿಚ್ಚಿಡುತ್ತಾರಂತೆ. ಮಾರುವವರನ್ನು ಕೇಳಿದೆ. "ಅದನ್ನೆಲ್ಲ ಯಾರು ಹಾಕ್ತಾರೆ ಮೇಡಂ, ಲುಕ್ ನೋಡಿ" ಅಂದರು. ನನಗೆ ಸಿಟ್ಟು ಬಂತು. ಅಮ್ಮನ ಕುರ್ಚಿ ಹೊತ್ತ ನಾಲ್ಕು ಜನ ಕಣ್ಣ ಮುಂದೆ ಬಂದರು. ಬರುತ್ತೇವೆ ಎಂದು ಹೇಳಿ ಹೊರಟೆವು.

ಎರಡನೆಯದು ಸಕಲೇಶಪುರ ತಾಲ್ಲೂಕಿನಲ್ಲಿ. ಮೂಡಿಗೆರೆಗೆ ವಾಪಸ್ ಬಂದು ಹಾನುಬಾಳು ದಾರಿ ಹಿಡಿದೆವು. ಅಲ್ಲೊಬ್ಬರು ವಯಸ್ಸಾದ ಗೌಡರು, ಎಂಬತ್ತರ ಹತ್ತಿರ. ಕಣ್ಣು ಮಂಜಾಗಿ ಗಾಡಿ ಬಿಟ್ಟಿದ್ದರು. 2003ನೇ ಇಸವಿ ಜಿಪ್ಸಿ, ಕೆಎ-13 ನಂಬರ್. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಮೇಲಿನ ಟಾರ್ಪಲ್‌ಗೆ ಮೂರು ಕಡೆ ತೇಪೆ. ನಾವು ಕೇಳುವ ಮೊದಲೇ ಗೌಡರು, "ಹಿಂದೆ ಚಾಸಿಸ್ ಹತ್ರ ಒಂದು ವೆಲ್ಡಿಂಗ್ ಇದೆ, ನೋಡ್ಕೊಳ್ಳಿ" ಅಂದರು.

ಕಾಕ ಸ್ಪ್ಯಾನರ್ ಹಿಡಿದು ಅಡಿಗೆ ಹೋದರು. ನಾನೂ ಹೋದೆ. ಚಾಸಿಸ್ ಉದ್ದಕ್ಕೂ ತಟ್ಟುತ್ತಾ ಬಂದರು. ಟಣ್, ಟಣ್, ಟಣ್. ವೆಲ್ಡಿಂಗ್ ಮಾಡಿದ ಕಡೆಯೂ ಟಣ್. ಆಮೇಲೆ ನೆಲದ ತಗಡಿಗೆ ತಟ್ಟಿದರು. ಡಬ್. ಸ್ಪ್ಯಾನರ್ ತುದಿ ಒಳಗೇ ಹೋಯಿತು. ಮೇಲೆ ಬಂದು ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ನನ್ನ ಮುಷ್ಟಿಯಷ್ಟು ದೊಡ್ಡ ತೂತು, ಕೆಳಗಿನ ಹುಲ್ಲು ಕಾಣುತ್ತಿತ್ತು. ನಾನು ಇದೂ ಹೋಯಿತು ಅಂದುಕೊಂಡೆ. ಕಾಕ ತಲೆ ಅಲ್ಲಾಡಿಸಿದರು. "ತಗಡು ಹೋದರೆ ತಗಡು ಹಾಕಬಹುದು ಅಮ್ಮ. ಚಾಸಿಸ್ ಹೋದರೆ ಮುಗೀತು."

ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಮತ್ತೆ ಅದೇ ಪರೀಕ್ಷೆ. ಲಿವರ್ ಹಾಕಿದೆ, ಸ್ಟೇರಿಂಗ್ ತಿರುಗಿಸಿದೆ. ಇದೂ ಸಲೀಸಾಗಿ ತಿರುಗಿತು! ಎದೆ ಧಸಕ್ಕೆಂದಿತು. ಆದರೆ ಅಡಿಯಲ್ಲಿ ಮುಂದಿನ ಶಾಫ್ಟ್ ಇದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಕಾಕ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಈ ಗಾಡಿಯ ಮುಂದಿನ ಎರಡೂ ಚಕ್ರದ ಮಧ್ಯಭಾಗದಲ್ಲಿ ಕೈಯಲ್ಲಿ ತಿರುಗಿಸುವ ಒಂದೊಂದು ಹಬ್ ಇತ್ತು. ಒಂದು ಕಡೆಗೆ ತಿರುಗಿಸಿದರೆ ಫ್ರೀ, ಇನ್ನೊಂದು ಕಡೆಗೆ ತಿರುಗಿಸಿದರೆ ಲಾಕ್. ಫ್ರೀಯಲ್ಲಿದ್ದರೆ ಒಳಗೆ ಲಿವರ್ ಹಾಕಿದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಬಲಗಡೆಯದು ಸುಲಭವಾಗಿ ತಿರುಗಿತು. ಎಡಗಡೆಯದು ಕಲ್ಲಾಗಿ ಕೂತಿತ್ತು. ಎರಡು ಮಳೆಗಾಲ ಯಾರೂ ಮುಟ್ಟಿರಲಿಲ್ಲ.

ಕಾಕ ಅದಕ್ಕೆ ಎಣ್ಣೆ ಬಿಟ್ಟರು. ಅಷ್ಟರಲ್ಲಿ ಗೌಡರ ಮನೆಯವರು ಕಾಫಿ, ಕೋಡುಬಳೆ ತಂದರು. ಯಾವ ಊರು, ತೋಟ ಎಷ್ಟು, ಅಮ್ಮನ ಕಾಲು ಈಗ ಹೇಗಿದೆ, ಎಲ್ಲ ವಿಚಾರಿಸಿದರು. ಅರ್ಧ ಗಂಟೆ ಬಿಟ್ಟು ಕಾಕ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಚಿದರು. ಒಂದು ಸಲ ಕಿರುಗುಟ್ಟಿತು. ಆಮೇಲೆ ಟಕ್ ಅಂತ ಲಾಕ್‌ಗೆ ಬಂತು. ಮತ್ತೆ ಕಣದಲ್ಲಿ ಸುತ್ತಿಸಿದೆ. ಕಾಲು ಸುತ್ತು ಆಗುವಷ್ಟರಲ್ಲಿ ಸ್ಟೇರಿಂಗ್ ಬಿಗಿಯಿತು, ಟೈರು ಸಿಮೆಂಟಿಗೆ ಉಜ್ಜಿ ಗುರ್ ಅಂದಿತು, ಗಾಡಿ ಮುಂದೆ ಹೋಗಲು ತಿಣುಕಿತು. ಗಾಡಿ ತಿಣುಕಿದ್ದಕ್ಕೆ ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸ್ವಲ್ಪ ಆಟ ಇತ್ತು. ಕಿಂಗ್ ಪಿನ್ ಬೇರಿಂಗ್ ಹೋಗಿದೆ ಅಂದರು ಕಾಕ. ಅದನ್ನು ಹಾಗೇ ಬಿಟ್ಟರೆ ಅರವತ್ತರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುತ್ತದಂತೆ. ಲೆಕ್ಕಕ್ಕೆ ಬರೆದುಕೊಂಡೆ.

ಬೆಲೆ ಮಾತಾಡೋಣ ಅಂದರೆ ಗೌಡರು, "ತಡಿಯಮ್ಮ, ಮೊದಲು ಓಡಿಸಿ ತೋರಿಸು" ಅಂದರು. ಪಕ್ಕದಲ್ಲಿ ಕೂತು ತೋಟದ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಹಿಂದಿನ ದಿನ ಮಳೆ ಬಂದು ದಾರಿ ನೆನೆದಿತ್ತು. ಹತ್ತುವುದೇನೋ ಹತ್ತಿದೆ. ತುದಿಯಲ್ಲಿ ನಿಲ್ಲಿಸಿ ಕೆಳಗೆ ನೋಡಿದರೆ ಬಾನೆಟ್ ಆಚೆ ದಾರಿಯೇ ಕಾಣುವುದಿಲ್ಲ. "ಪೂರ್ತಿ ನಿಲ್ಲಿಸಿ ಲೋ ಹಾಕು. ಫಸ್ಟ್ ಗೇರ್. ಈಗ ಕ್ಲಚ್ ಬಿಟ್ಟು ಎರಡೂ ಕಾಲು ತೆಗೆದುಬಿಡು" ಅಂದರು. ಲೋ ಅಂದರೆ ಅದೇ ಫೋರ್ ವೀಲ್ ಲಿವರಿನ ತೀರಾ ನಿಧಾನದ ಗೇರು. ಬ್ರೇಕ್? "ಬ್ರೇಕ್ ಮುಟ್ಟಬೇಡ. ಚಕ್ರ ನಿಂತರೆ ಗಾಡಿ ಜಾರುತ್ತೆ. ಎಂಜಿನ್ ಹಿಡ್ಕೊಳ್ಳುತ್ತೆ, ಅದನ್ನ ನಂಬು."

ಕಾಲು ತೆಗೆದೆ. ಗಾಡಿ ಮೂಗು ಕೆಳಗೆ ಮಾಡಿತು. ಎಂಜಿನ್ ಹೂಂಕರಿಸುತ್ತಾ, ಮನುಷ್ಯರು ನಡೆಯುವ ವೇಗದಲ್ಲಿ, ಒಂದು ಚೂರೂ ಜಾರದೆ ಇಳಿಯಿತು. ನನ್ನ ಕಾಲು ಮಾತ್ರ ಬ್ರೇಕ್ ಮೇಲೆ ಇಳಿಯಲು ತವಕಿಸುತ್ತಿತ್ತು. ಗೌಡರು ನನ್ನ ಕಾಲನ್ನೇ ನೋಡುತ್ತಿದ್ದರು. ಕೆಳಗೆ ಬಂದ ಮೇಲೆ, "ಸರಿ. ಗಾಡಿ ನಿನಗೆ ಕೊಡ್ತೀನಿ" ಅಂದರು.

2.40 ಹೇಳಿದ್ದರು. ನೆಲದ ತಗಡು, ಬೇರಿಂಗ್, ಸವೆದ ಎರಡು ಟೈರು ತೋರಿಸಿ ನಾನೇ ಮಾತಾಡಿದೆ. 2.05ಕ್ಕೆ ಮುಗಿಯಿತು. ಹತ್ತು ಸಾವಿರ ಮುಂಗಡ ಕೊಟ್ಟೆ, ಉಳಿದದ್ದು ಬ್ಯಾಂಕ್ ಮೂಲಕ. ಕಾಗದಪತ್ರ ಸರಿ ಇತ್ತು. ಹದಿನೈದು ವರ್ಷ ಮುಗಿದ ಮೇಲೆ ಎರಡು ಸಲ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಿ, ಆರ್‌ಸಿ 2028ರವರೆಗೆ ಇತ್ತು. ಸಾಲ ಬಾಕಿ ಇಲ್ಲ. ಚಾಸಿಸ್ ನಂಬರ್ ಮೇಲಿನ ಮಣ್ಣು ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಆಡಿಸಿ, ಆರ್‌ಸಿ ಜೊತೆ ಒಂದೊಂದೇ ಅಂಕಿ ಹೊಂದಿಸಿ ನೋಡಿದೆವು. ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಗೌಡರು ಭೂತಗನ್ನಡಿ ಹಿಡಿದು ಸಹಿ ಮಾಡಿದರು. ಹಳೇ ಗಾಡಿ ತಗೊಳ್ಳುವವರು ಈ ಕೆಲಸವನ್ನು ಆಮೇಲೆ ಮಾಡೋಣ ಅಂತ ಬಿಡಬೇಡಿ, ದಯವಿಟ್ಟು.

ರಿಪೇರಿಗೆ 41 ಸಾವಿರ ಆಯಿತು. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಐದೂ ಕಡೆ ಎಣ್ಣೆ ಬದಲಾಯಿಸಿದರು ಕಾಕ. ಎಡಗಡೆ ನೆಲಕ್ಕೆ ಹೊಸ ತಗಡು ಬಂತು. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುತ್ತದೆ, ಅಷ್ಟೇ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಆದ್ದರಿಂದ ಒಂದೊಂದು ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ಅಮ್ಮ ಎರಡು ದಿಂಬು ಹಾಕಿಕೊಂಡು ಕೂರುತ್ತಾರೆ. ದಿನವೂ ಪೇಟೆಗೆ ಓಡಾಡುವವರಿಗೆ ನಾನು ಇದನ್ನು ತಗೊಳ್ಳಿ ಅನ್ನುವುದಿಲ್ಲ. ನಮ್ಮಂಥ ದಾರಿ ಇರುವವರಿಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಜೂನ್‌ನಲ್ಲಿ ಮಳೆ ಶುರುವಾದ ಮೂರನೇ ದಿನ ಅಮ್ಮನನ್ನು ಕಾಲು ತೋರಿಸಲು ಕರೆದುಕೊಂಡು ಹೊರಟಿದ್ದೆ. ಏರಿನ ತುದಿಯಲ್ಲಿ ನಿಲ್ಲಿಸಿ, ಕೊಡೆ ಬಿಚ್ಚಿ, ಹಬ್ ತಿರುಗಿಸಲು ಇಳಿದೆ. ಅಷ್ಟರಲ್ಲಿ ಫೋನು. ಗೌಡರು.

"ಇಲ್ಲಿ ಜೋರು ಮಳೆ ಕಣಮ್ಮ. ನಿಮ್ಮ ಕಡೆ ಹೇಗೆ?"

"ಇಲ್ಲೂ ಅಷ್ಟೇ ಗೌಡ್ರೇ, ನಿಂತೇ ಇಲ್ಲ."

"ಹಬ್ ಲಾಕ್ ಮಾಡಿದ್ಯಾ?"

"ಬಲಗಡೆ ಆಯ್ತು. ಎಡಗಡೆ ಮಾಡ್ತಾ ಇದ್ದೀನಿ."

"ಮಾಡು ಮಾಡು, ನಾನು ಇಟ್ಕೊಂಡಿರ್ತೀನಿ" ಅಂದರು. ಫೋನನ್ನು ಸೀಟಿನಲ್ಲಿದ್ದ ಅಮ್ಮನ ಕೈಗೆ ಕೊಟ್ಟು ನಾನು ಎಡಗಡೆ ಚಕ್ರದ ಹತ್ತಿರ ಬಗ್ಗಿದೆ.